ನೇಪಾಳಕ್ಕೆ ಹೊರಟ ಬಸುಗೆ

ಶಹಾಬಾದ್

ಚಿ. ಬಸುಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನೆ ನಿಮ್ಮವ್ವ ಫೋನ್ ಮಾಡಿದ್ದಳು. ಕಾಲೇಜಿನ ಗೆಳೆಯರ ಜೊತೆ ಮೂರು ವಾರ ನೇಪಾಳಕ್ಕೆ ಹೊರಟಿದ್ದೀಯಂತೆ, ಬೆಟ್ಟದ ಮೇಲಿನ ಹಳ್ಳಿಯಲ್ಲಿ ಶಾಲೆ ಕಟ್ಟೋದಕ್ಕೆ. ಖುಷಿಯಾಯಿತು. ನಗುವೂ ಬಂತು. ಅಟ್ಟದ ಮೇಲಿನ ಜೋಳದ ಚೀಲ ಇಳಿಸು ಅಂದರೆ ಮೊಬೈಲ್ ಹಿಡಿದು ಮಾಯವಾಗುತ್ತಿದ್ದವನು ನೀನೇ ಅಲ್ವಾ?

ಹೋಗು, ಬೇಡ ಅನ್ನಲ್ಲ. 2015ರ ಭೂಕಂಪದಲ್ಲಿ ಅಲ್ಲಿ ಸಾವಿರಾರು ಶಾಲೆ ಹಾಳಾದವು, ಕೈ ಎಷ್ಟಿದ್ದರೂ ಬೇಕು. ಆದರೆ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನ ಮಾತನ್ನೂ ಕೇಳಿಕೊಂಡು ಹೋಗು.

ನನ್ನ ಮೊಣಕಾಲಿನ ಕಲೆ ನೋಡಿದ್ದೀಯಲ್ಲ, ಅದು ಬೆಂಕಿಯದಲ್ಲ, ಸಿಮೆಂಟಿನದು. ಆಗ ನನಗೆ ಹತ್ತೊಂಬತ್ತು. ವಾಡಿ ಕಡೆ ಒಂದು ಗೋದಾಮಿಗೆ ಕಾಂಕ್ರೀಟ್ ಹಾಕುತ್ತಿದ್ದೆವು. ಮಧ್ಯಾಹ್ನವೆಲ್ಲ ಹಸಿ ಕಾಂಕ್ರೀಟಿನಲ್ಲಿ ಮೊಣಕಾಲೂರಿ ಮಟ್ಟ ಮಾಡಿದೆ. ಪ್ಯಾಂಟ್ ನೆನೆದು ಕಾಲಿಗೆ ಅಂಟಿತ್ತು. ನೋವಿಲ್ಲ, ಏನಿಲ್ಲ. ಮೇ ತಿಂಗಳ ಬಿಸಿಲಿಗೆ ತಣ್ಣಗೆ ಹಿತವೇ ಅನಿಸುತ್ತಿತ್ತು. ರಾತ್ರಿ ಪ್ಯಾಂಟ್ ಬಿಚ್ಚಿದರೆ ಚರ್ಮವೂ ಜೊತೆಗೆ ಎದ್ದು ಬಂತು. ಹಸಿ ಸಿಮೆಂಟು ಸುಣ್ಣದ ಹಾಗೆ, ಸದ್ದಿಲ್ಲದೆ ಸುಡುತ್ತದೆ. ಉರಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೆ ಗಂಬೂಟು, ಉದ್ದನೆಯ ರಬ್ಬರ್ ಗ್ಲೌಸ್ ಬೇಕೇ ಬೇಕು. ಬಟ್ಟೆ ನೆನೆದರೆ ಅಲ್ಲೇ ಬಿಚ್ಚು, ಇಪ್ಪತ್ತು ನಿಮಿಷ ಒಳ್ಳೆ ನೀರು ಸುರಿದುಕೋ. ನಾಚಿಕೆ ಆಮೇಲೆ ಪಡಬಹುದು.

ಆ ದಿನ ಹಳಬರೆಲ್ಲ ಮೊಣಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ನಾನು ಹೊಸಬ, ಕೇಳಿದರೆ ನಗುತ್ತಾರೆ ಅಂತ ಸುಮ್ನೆ ಇದ್ದೆ. ನಿನ್ನ ಬಗ್ಗೆ ನನಗಿರೋ ಹೆದರಿಕೆ ಇದೇ. ಸೇವೆ ಅಂತ ಹೋದವರಿಗೆ 'ನನಗೆ ಬರಲ್ಲ' ಅನ್ನೋಕೆ ಸಂಕೋಚ ಜಾಸ್ತಿ. ಫೋಟೊ ಬೇರೆ ತೆಗೆಯುತ್ತಿರುತ್ತಾರೆ! ಕಲ್ಲು ಕತ್ತರಿಸುವ ಮಷಿನ್ ಕೈಗೆ ಕೊಟ್ಟರೆ ಬರಲ್ಲ ಅನ್ನು. ಅಟ್ಟಣಿಗೆ ಏರು ಅಂದರೂ ಬರಲ್ಲ ಅನ್ನು. ಜಲ್ಲಿ ಹೊರು, ಇಟ್ಟಿಗೆ ಕೊಡು, ಅದೂ ಕೆಲಸವೇ. ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಮಡಚು. ಯಾರಾದರೂ ನೀರು ಬಿಡದೆ ಕಲ್ಲು, ಇಟ್ಟಿಗೆ ಕೊಯ್ಯುತ್ತಿದ್ದರೆ ದೂರ ಸರಿ. ಕರ್ಚೀಫಿಗೆ ಆ ಧೂಳು ಬಗ್ಗಲ್ಲ, ಎನ್‌95 ಮಾಸ್ಕ್ ಬೇಕು. ಧೂಳು ಕುಡಿದವರ ಕೆಮ್ಮು ಹೇಗಿರುತ್ತೆ ಅಂತ ನಮ್ಮೂರ ಫರಸಿ ಕಲ್ಲಿನ ಖಣಿಯವರನ್ನು ಕೇಳು, ಹೇಳುತ್ತಾರೆ.

ಟಿಟಿ ಇಂಜೆಕ್ಷನ್ ಆಗಿ ಹತ್ತು ವರ್ಷ ದಾಟಿದ್ದರೆ ಈಗಲೇ ಹಾಕಿಸು. ಪ್ರವಾಸದ ವಿಮೆ ಮಾಡಿಸುತ್ತೀಯಲ್ಲ, ಅದರಲ್ಲಿ ಕಟ್ಟಡ ಕೆಲಸ ಸೇರುತ್ತಾ ಅಂತ ಸಣ್ಣ ಅಕ್ಷರದಲ್ಲಿ ಓದು. ಎಷ್ಟೋ ಪಾಲಿಸಿಗಳಲ್ಲಿ ಸೇರಲ್ಲ. ನೇಪಾಳದಲ್ಲಿ ಆಂಬುಲೆನ್ಸ್ ನಂಬರ್ 102, ಬರೆದಿಟ್ಟುಕೋ. ಆದರೆ ಬೆಟ್ಟದ ಮೇಲೆ ಅದು ಬರೋದು ತಡ. ಹತ್ತಿರದ ಆಸ್ಪತ್ರೆ ಎಲ್ಲಿ, ಗಾಡಿ ಯಾರ ಹತ್ತಿರ ಇದೆ, ಮೊದಲ ದಿನವೇ ಕೇಳಿಟ್ಟುಕೋ.

ನಲವತ್ತಮೂರು ಡಿಗ್ರಿ ಕಂಡವನು ನಾನು ಅಂತ ಜಂಬ ಬೇಡ. ಬೆಟ್ಟದ ಮೇಲೆ ತಂಪಿದ್ದರೂ ಬಿಸಿಲು ಚುರುಗುಟ್ಟುತ್ತದೆ, ಬಾಯಾರಿದ್ದೂ ಗೊತ್ತಾಗಲ್ಲ. ಕುದಿಸಿದ ನೀರು ಕುಡಿಯುತ್ತಿರು.

ಅತ್ತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದಾಳೆ. ಭಾನುವಾರ ಕಲಬುರಗಿಗೆ ಹೋಗುತ್ತೇನೆ, ಸೂಪರ್ ಮಾರ್ಕೆಟ್‌ನಲ್ಲಿ ಗಂಬೂಟು ನೋಡುತ್ತೇನೆ. ನಿನ್ನ ಕಾಲಿನ ಅಳತೆ ಕಳಿಸು. ಹೊರಡೋಕೆ ಮುಂಚೆ ಒಂದು ವಾರ ಮನೆಯಲ್ಲೇ ಹಾಕಿಕೊಂಡು ಓಡಾಡು. ನಿಮ್ಮವ್ವ ಬೈದರೆ ಬೈಯಲಿ.

ನಿನ್ನ ಮಾವ