ದೊಡ್ಡ ಎಲ್‌ಇಡಿ ಹಾಕುವ ಮೊದಲು

ಬೆಳಗಾವಿ

ಚಿರಂಜೀವಿ ತಂಗೆವ್ವನಿಗೆ ಕಾಕಾನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ. ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ ಕೇಳು ಅಂತ ಕಾಕು ಎರಡು ಸಲ ನೆನಪಿಸಿದಳು, ಅದನ್ನು ಮೊದಲೇ ಬರೆದುಬಿಟ್ಟೆ.

ಮೈಯೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಕೊಳವೆಗೇ ನೇರವಾಗಿ ಸಿಕ್ಕಿಸುವ, ಬ್ಯಾಟರಿ ಮೇಲೆ ನಡೆಯುವ ಪುಟ್ಟ ಬೆಳಕಿನ ಘಟಕ ಮಾಡುತ್ತಿದ್ದೀರಿ ಎಂದು ನಿನ್ನ ಪತ್ರದಲ್ಲಿ ಓದಿ ಎದೆ ತುಂಬಿ ಬಂತು. 300 ವ್ಯಾಟಿನ ಝೆನಾನ್ ದೀಪದ ಪೆಟ್ಟಿಗೆ, ಅದರ ಫ್ಯಾನಿನ ಸದ್ದು, ಕಾಲಿಗೆ ತೊಡರುವ ಕೇಬಲ್ಲು, ಇವುಗಳ ರಿಪೇರಿಯಲ್ಲೇ ನನ್ನ ನೌಕರಿ ಮುಗಿಯಿತು. ಅಥಣಿ, ರಾಮದುರ್ಗ, ಸವದತ್ತಿ ಕಡೆಯ ಸಣ್ಣ ಆಸ್ಪತ್ರೆಯ ಡಾಕ್ಟರರಿಗೆ ಅಂಗೈಯಲ್ಲಿ ಹಿಡಿಯುವಂಥ ದೀಪ ಸಿಕ್ಕರೆ ಎಷ್ಟು ಮಂದಿ ರೋಗಿಗಳಿಗೆ ಬೆಳಗಾವಿಯವರೆಗೆ ಬರುವ ತ್ರಾಸು ತಪ್ಪೀತು ಎಂಬುದನ್ನು ನಾನು ಬಲ್ಲೆ. ಅದಕ್ಕೇ ಈ ಕೆಲಸ ಕೆಡಬಾರದು.

'ಬೆಳಕು ಸಾಲುತ್ತಿಲ್ಲ, ಇನ್ನೂ ದೊಡ್ಡ ಎಲ್‌ಇಡಿ ಹಾಕುತ್ತೇವೆ' ಅಂತ ಬರೆದಿದ್ದೀಯಲ್ಲ, ಅದನ್ನು ಮಾಡಬೇಡ. ಮೊದಲು ಕಾಗದ, ಪೆನ್ಸಿಲ್ ತಗೊಂಡು ಎಟೆಂಡ್ಯೂ ಲೆಕ್ಕ ಹಾಕು. ಸಿಮ್ಯುಲೇಶನ್ ಆಮೇಲೆ. ಬೆಳಕು ಹೊರಡುವ ಜಾಗದ ವಿಸ್ತಾರ, ಅದು ಹರಡುವ ಕೋನ, ಇವೆರಡರ ಗುಣಲಬ್ಧವೇ ಎಟೆಂಡ್ಯೂ. ಅದನ್ನು ಯಾವ ಲೆನ್ಸೂ ಯಾವ ಕನ್ನಡಿಯೂ ಬೆಳಕು ಕಳೆಯದೆ ಕುಗ್ಗಿಸಲಾರದು. ಜಾಗ ಕಿರಿದು ಮಾಡಿದರೆ ಕೋನ ಹಿಗ್ಗುತ್ತದೆ, ಕೋನ ಕಿರಿದು ಮಾಡಿದರೆ ಜಾಗ ಹಿಗ್ಗುತ್ತದೆ.

ನಿಮ್ಮ ಸ್ಕೋಪಿನ ಫೈಬರ್ ಕಟ್ಟು, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಗಳ ಕಟ್ಟು, 2 ಮಿಲಿಮೀಟರ್ ವ್ಯಾಸದ್ದು, ನ್ಯೂಮರಿಕಲ್ ಅಪರ್ಚರ್ 0.6 ಎಂದಿಟ್ಟುಕೊ. ಅಂದರೆ ನಡು ಅಕ್ಷದಿಂದ ಸುಮಾರು 37 ಡಿಗ್ರಿಯೊಳಗೆ ಬಂದ ಕಿರಣಗಳನ್ನಷ್ಟೇ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ಕಟ್ಟಿನ ಕ್ಷೇತ್ರಫಲ 3.14 ಚದರ ಮಿಲಿಮೀಟರ್. ಅದನ್ನು 0.6ರ ವರ್ಗದಿಂದ, ಅಂದರೆ 0.36ರಿಂದ ಗುಣಿಸು: 1.13. ಕಟ್ಟಿಗೆ ಹಿಡಿಸುವುದು ಇಷ್ಟೇ. ಎಲ್‌ಇಡಿಯ ಚಿಪ್ಪು, ಅಂದರೆ ಬೆಳಕು ಹೊಮ್ಮಿಸುವ ಪುಟ್ಟ ತುಣುಕು, ಅರ್ಧಗೋಲದ ತುಂಬ ಬೆಳಕು ಚೆಲ್ಲುತ್ತದೆ, ಆದ್ದರಿಂದ ಅದರ ಲೆಕ್ಕಕ್ಕೆ ಬರಿಯ ಕ್ಷೇತ್ರಫಲ ಸಾಕು. 1 ಮಿಲಿಮೀಟರ್ ಚೌಕದ ಚಿಪ್ಪಿನದು 1. ತತ್ತ್ವಕ್ಕೆ ಅದು ಪೂರ್ತಿ ಹಿಡಿಸುತ್ತದೆ. 2 ಮಿಲಿಮೀಟರ್ ಚೌಕದ ಚಿಪ್ಪು ತಂದೆಯೋ, ಅದರದು 4. ನೀನು ಎಂಥ ಲೆನ್ಸು ಇಟ್ಟರೂ ನೂರಕ್ಕೆ 28ಕ್ಕಿಂತ ಹೆಚ್ಚು ಒಳಗೆ ಹೋಗುವುದಿಲ್ಲ. ಹೊಲದ ಕಾಲುವೆ ಒಂದು ಗೇಣು ಅಗಲ ಇದ್ದಾಗ ಮೋಟರು ದೊಡ್ಡದು ಮಾಡಿದರೆ ನೀರು ಒಡ್ಡು ದಾಟಿ ಪಕ್ಕದ ಹೊಲಕ್ಕೆ ಹೋಗುತ್ತದೆ, ಅಷ್ಟೆ. ಇಲ್ಲಿ ಒಡ್ಡು ದಾಟಿದ್ದೆಲ್ಲ ಶಾಖವಾಗಿ ಡಾಕ್ಟರರ ಕೈಗೆ ಬರುತ್ತದೆ, ಬ್ಯಾಟರಿಯೂ ಬೇಗ ಬರಿದಾಗುತ್ತದೆ.

ಹಾಗಾದರೆ ನಿಮ್ಮ ಬೆಳಕು ಎಲ್ಲಿ ಹೋಗುತ್ತಿದೆ? ಚಿಪ್ಪನ್ನು ಕಟ್ಟಿನ ಮುಖಕ್ಕೆ ನೇರ ಒತ್ತಿ ಕೂರಿಸಿದ್ದೀರಿ ಅನ್ನಿಸುತ್ತದೆ. ಆಗ 37 ಡಿಗ್ರಿಯೊಳಗೆ ಬೀಳುವುದು ನೂರಕ್ಕೆ 36 ಮಾತ್ರ. ಉಳಿದದ್ದು ಅಗಲ ಕೋನದ್ದು, ಫೈಬರ್ ಅದನ್ನು ತಿರಸ್ಕರಿಸುತ್ತದೆ. ಕಟ್ಟಿನ ಮುಖದಲ್ಲಿ ಖಾಲಿ ಜಾಗ ಇದೆಯಲ್ಲ, ಅದನ್ನು ಬಳಸಿಕೊ. ನಡುವೆ ಸಣ್ಣ ತುದಿಯಿಂದ ದೊಡ್ಡ ತುದಿಗೆ ಅಗಲವಾಗುವ ಟೇಪರ್ ಗಾಜಿನ ಕಡ್ಡಿಯನ್ನೋ ಪ್ಯಾರಾಬೋಲದ ಕಾನ್ಸಂಟ್ರೇಟರನ್ನೋ ಇಟ್ಟರೆ ಅದು ಜಾಗ ಕೊಟ್ಟು ಕೋನ ಕಿರಿದು ಮಾಡುತ್ತದೆ. ಉದ್ದ ಕೆಲವೇ ಮಿಲಿಮೀಟರ್, ನಿಮ್ಮ ಘಟಕ ದಪ್ಪವಾಗುವುದಿಲ್ಲ. ಚಿಪ್ಪು ಚೌಕ, ಕಟ್ಟು ದುಂಡು, ಹೀಗಾಗಿ ಮೂಲೆಗಳಲ್ಲಿ ಒಂದಿಷ್ಟು ಹೋಗುತ್ತದೆ, ಹೋಗಲಿ. ಇನ್ನೊಂದು ಮಾತು: ಮೇಲೆ ಸಿಲಿಕೋನಿನ ಗುಮ್ಮಟ ಇರುವ ಎಲ್‌ಇಡಿ ತರಬೇಡ. ಡೇಟಾಶೀಟಿನಲ್ಲಿ ಅದರ ಲೂಮೆನ್, ಅಂದರೆ ಒಟ್ಟು ಬೆಳಕಿನ ಅಳತೆ, ಹೆಚ್ಚು ಕಾಣುತ್ತದೆ, ಆದರೆ ಗುಮ್ಮಟ ಚಿಪ್ಪನ್ನು ಒಂದೂವರೆ ಪಟ್ಟು ಅಗಲ ಮಾಡಿ ತೋರಿಸುತ್ತದೆ, ಕ್ಷೇತ್ರಫಲ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಚಪ್ಪಟೆ ಮುಖದ್ದೇ ನಿನಗೆ ಬೇಕಾದದ್ದು.

ಮಿಕ್ಕ ಸೋರಿಕೆಗಳೂ ಇವೆ. ಗಾಳಿಯಿಂದ ಗಾಜಿಗೆ ದಾಟುವ ಪ್ರತಿ ಮುಖದಲ್ಲಿ ನೂರಕ್ಕೆ 4ರಷ್ಟು ವಾಪಸು ಹೋಗುತ್ತದೆ. ನಾಲ್ಕು ಮುಖ ಇದ್ದರೆ ಸುಮಾರು 15 ಹೋಯಿತು. ದುಂಡು ಫೈಬರುಗಳನ್ನು ಎಷ್ಟು ಒತ್ತಾಗಿ ಜೋಡಿಸಿದರೂ ನಡುವೆ ಸಂದು ಉಳಿದೇ ಉಳಿಯುತ್ತದೆ, ತುಂಬಿದ ಜಾಗ ನೂರಕ್ಕೆ 90.7 ದಾಟುವುದಿಲ್ಲ, ಅದರಲ್ಲೂ ಕ್ಲ್ಯಾಡಿಂಗಿನ, ಅಂದರೆ ಪ್ರತಿ ಎಳೆಯ ಹೊರಪದರದ, ಪಾಲು ಕಳೆಯಬೇಕು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಿಮ್ಮ ಮೇಲಿನವರ ಮುಂದೆ ಇಡು. ಸಣ್ಣವಳು ಅಂತ ಹಿಂದೆ ಸರಿಯಬೇಡ. ಲೆಕ್ಕಕ್ಕೆ ವಯಸ್ಸಿಲ್ಲ.

ಶಾಖದ ವಿಷಯದಲ್ಲಿ ಮಾತ್ರ ನಾನು ಕಠಿಣವಾಗಿ ಹೇಳುತ್ತೇನೆ. 1870ರ ದಶಕದ ಕೊನೆಗೆ ಜರ್ಮನಿಯ ಡಾಕ್ಟರ್ ಮ್ಯಾಕ್ಸ್ ನಿಟ್ಜೆ ಮೂತ್ರಕೋಶದೊಳಗೆ ಕೆಂಪಗೆ ಕಾದ ಪ್ಲಾಟಿನಂ ತಂತಿಯನ್ನೇ ಇಳಿಸಿದ್ದರು, ಅದನ್ನು ತಣ್ಣಗಿಡಲು ನೀರು ಹರಿಸಬೇಕಿತ್ತು. ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನಮ್ಮ ಪಂಜಾಬಿನ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಫೈಬರ್ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಅದೇ ಫೈಬರಿನಿಂದ ದೀಪ ಮೈಯಿಂದ ಹೊರಗೆ ಬಂತು. ನೀವೀಗ ದೀಪವನ್ನು ಮತ್ತೆ ಸ್ಕೋಪಿನ ಹತ್ತಿರ ತರುತ್ತಿದ್ದೀರಿ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ರೋಗಿಯ ಮೈಗೆ ತಾಗುವ ಭಾಗಕ್ಕೆ ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1 ಹಾಕಿರುವ ಮಿತಿ 43 ಡಿಗ್ರಿ. 41 ದಾಟಿದರೂ ಕೈಪಿಡಿಯಲ್ಲಿ ತಿಳಿಸಬೇಕು. ತುದಿಯ ತಾಪಮಾನವನ್ನು ಎಸಿ ಕೋಣೆಯಲ್ಲಿ ಐದು ನಿಮಿಷ ಅಳೆದು ಮುಗಿಯಿತು ಅನ್ನಬೇಡ. ಪೂರ್ತಿ ಬೆಳಕಿನಲ್ಲಿ, ಒಂದು ಆಪರೇಶನ್ ನಡೆಯುವಷ್ಟು ಹೊತ್ತು ಬಿಡು. ಹಚ್ಚಿಟ್ಟ ಸ್ಕೋಪಿನ ತುದಿ ರೋಗಿಗೆ ಹೊದಿಸಿದ ಬಟ್ಟೆಯನ್ನು ಸುಡಬಲ್ಲದು ಎಂಬುದೂ ನೆನಪಿರಲಿ.

ಇನ್ನು ಬಣ್ಣ. ಬಿಳಿ ಎಲ್‌ಇಡಿ ಅಂದರೆ ನೀಲಿ ಚಿಪ್ಪು, ಮೇಲೆ ಹಳದಿ ಫಾಸ್ಫರು. ಗಾಢ ಕೆಂಪು ಅದರಲ್ಲಿ ಕಡಿಮೆ. ಡೇಟಾಶೀಟಿನ ಸಿಆರ್‌ಐ ಅಂಕಿ, ಅಂದರೆ ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ, ಎಂಟು ತಿಳಿಬಣ್ಣಗಳ ಸರಾಸರಿ, ಗಾಢ ಕೆಂಪಾದ ಆರ್9 ಅದರೊಳಗಿಲ್ಲ. ಸಿಆರ್‌ಐ 80 ಇದ್ದೂ ಆರ್9 ಸೊನ್ನೆಯ ಹತ್ತಿರ ಇರಬಹುದು. ಡಾಕ್ಟರರು ನೋಡುವುದೆಲ್ಲ ಕೆಂಪೇ ಅಲ್ಲವೇ ತಂಗೆವ್ವ: ರಕ್ತನಾಳ, ಉರಿಯೂತ, ಹುಣ್ಣಿನ ಅಂಚು. ಲೂಮೆನ್ ಸ್ವಲ್ಪ ಕಡಿಮೆಯಾದರೂ ಆರ್9 ಒಳ್ಳೆಯದಿರುವ ಎಲ್‌ಇಡಿಯನ್ನೇ ಆರಿಸು ಎಂಬುದು ನನ್ನ ಅಭಿಪ್ರಾಯ.

ತುದಿಯಲ್ಲಿ ಬೆಳಕು ಸಮನಾಗಿ ಹರಡಬೇಕು. ಹತ್ತಿರದ ಒದ್ದೆ ಗೋಡೆ ಕಣ್ಣು ಕುಕ್ಕುವಷ್ಟು ಹೊಳೆದು ದೂರದ್ದು ಕತ್ತಲಾದರೆ ಕ್ಯಾಮೆರಾ ಎರಡನ್ನೂ ಕಳೆದುಕೊಳ್ಳುತ್ತದೆ. ಇದನ್ನು ಲ್ಯಾಬಿನ ಬಿಳಿ ಹಾಳೆ ಮೇಲೆ ನೋಡಿ ತೀರ್ಮಾನಿಸಬೇಡ. ಕೆಂಪು ಬಣ್ಣದ, ಒದ್ದೆ ಮಾಡಿದ ಕೊಳವೆಯೊಳಗೆ ನೋಡು. ಆಮೇಲೆ ಆಪರೇಶನ್ ಮಾಡುವವರ ಪಕ್ಕ ನಿಂತು, ಅವರು ಸ್ಕೋಪನ್ನು ಯಾವಾಗ ಹಿಂದೆ ಎಳೆಯುತ್ತಾರೆ, ಯಾವಾಗ ಬೆಳಕು ಕಡಿಮೆ ಮಾಡು ಅನ್ನುತ್ತಾರೆ, ಸಿಸ್ಟರು ಅದನ್ನು ಹೇಗೆ ತೊಳೆಯುತ್ತಾರೆ, ಅದನ್ನೂ ಗಮನಿಸು. ಉಗಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹೋಗುವ ಭಾಗ 134 ಡಿಗ್ರಿ ಉಗಿಯನ್ನು ಮತ್ತೆ ಮತ್ತೆ ತಡೆಯಬೇಕು. ಅಂಟು ಹಳದಿಯಾದರೆ ನಿನ್ನ ಲೆಕ್ಕವೆಲ್ಲ ಅಲ್ಲಿಗೇ ನಿಂತಿತು. ಪರೀಕ್ಷೆಗೆ ಹಳೆಯ ಸ್ಕೋಪು ಸಿಕ್ಕರೆ ಮೊದಲು ಅದರ ಒಂದು ತುದಿಯನ್ನು ಕಿಟಕಿಗೆ ಹಿಡಿದು ಇನ್ನೊಂದು ತುದಿ ನೋಡು. ಕಪ್ಪು ಚುಕ್ಕೆ ಕಂಡಷ್ಟೂ ಫೈಬರು ಮುರಿದಿವೆ, ಅಂಥದ್ದರ ಮೇಲೆ ಅಳೆದ ಅಂಕಿಯನ್ನು ನಂಬಬೇಡ.

ಎಲ್‌ಇಡಿ, ಕಡ್ಡಿ, ಫೈಬರ್ ಮೂರೂ ಒಂದೇ ಅಕ್ಷದಲ್ಲಿ ಕೂರುವಂಥ ಅಲ್ಯೂಮಿನಿಯಂ ಹೋಲ್ಡರಿನ ಡ್ರಾಯಿಂಗ್ ಮಾಡಿ ಕಳಿಸು. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ನನಗೆ ಗೊತ್ತಿರುವ ಲೇತ್ ಕೆಲಸದ ಟರ್ನರ್ ಇದ್ದಾನೆ, ಕೈ ಭಾಳ ಛಲೋ, ನಾನೇ ಮುಂದೆ ನಿಂತು ಮಾಡಿಸುತ್ತೇನೆ. ಪ್ರತಿ ಅಳತೆಗೂ ಟಾಲರನ್ಸ್, ಅಂದರೆ ಎಷ್ಟು ಹೆಚ್ಚುಕಡಿಮೆ ಆದರೆ ನಡೆದೀತು ಎಂಬುದನ್ನು ಬರೆದಿರು, ಫೈಬರ್ ಕಟ್ಟಿನ ತುದಿಯ ಬಳೆಯ, ಅಂದರೆ ಫೆರೂಲಿನ, ವ್ಯಾಸವನ್ನು ಮೈಕ್ರೋಮೀಟರ್ ಉಪಕರಣದಿಂದ ಅಳೆದೇ ಬರೆ.

ನಿನ್ನ ಕಾಕಾ