ಹಿತ್ತಲ ಸೈನ್ಯದ ಬಗ್ಗೆ ಮಾವನ ಪತ್ರ

ಲೆಸ್ಟರ್, ಇಂಗ್ಲೆಂಡ್
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಒಬ್ಬನೇ ಒಬ್ಬ ಆಟಿಕೆ ಸಿಪಾಯಿ, ಈಟಿ ಹಿಡಿದ ಕುದುರೆ ಸವಾರ, ಮೈಸೂರು ಲ್ಯಾನ್ಸರ್. ಬಣ್ಣ ಹಚ್ಚಲು ಮೂರು ವಾರದ ಕೆಲಸ. ಮೂಗಿನ ಪಕ್ಕ ನೆರಳು, ಪ್ರತಿ ಗುಂಡಿಗೂ ಒಂದು ಗೆರೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ "ಹುಡುಗನ ಕೈ ಚೆನ್ನಾಗಿದೆ" ಅಂದಳು. ನಾನೂ ಒಪ್ಪುತ್ತೇನೆ. ಆದರೆ ನೀನು ಆಡಬೇಕು ಅಂತಿರುವುದು ಹಿತ್ತಲಿನ ಹುಲ್ಲಿನ ಮೇಲೆ ಅಲ್ವಾ? ಅಲ್ಲಿ ನಿಂತು ನೋಡಿದರೆ ಆ ಮೂಗೂ ಕಾಣುವುದಿಲ್ಲ, ನೆರಳೂ ಕಾಣುವುದಿಲ್ಲ. ಇದೇ ಲೆಕ್ಕದಲ್ಲಿ 20 ಸವಾರರ ದಳ ಮುಗಿಯಲು 60 ವಾರ ಬೇಕು. ಈ ಬೇಸಿಗೆಯಂತೂ ಹೋಯಿತು, ಮುಂದಿನದೂ ಬಂದುಬಿಡುತ್ತದೆ.

ಸಿಪಾಯಿಯನ್ನು ಕಾಲ ಬಳಿ ನಿಲ್ಲಿಸಿ ಎದ್ದು ನಿಂತು ನೋಡು. ಅಲ್ಲಿಂದ ಕಾಣುವಷ್ಟು ಬಳಿದರೆ ಸಾಕು. ಮುಖಕ್ಕೆ ಒಂದೇ ಬಣ್ಣ, ಕಣ್ಣಿಗೆ ಎರಡು ಚುಕ್ಕೆ, ಬೂಟಿಗೆ ಕಪ್ಪು, ಕೊನೆಗೆ ಹೊಳೆಯುವ ವಾರ್ನಿಷ್. ಹಳೇ ಕಾಲದ ಆಟಿಕೆ ಸಿಪಾಯಿಗಳು ಹೀಗೇ ಮಿರಿಮಿರಿ ಹೊಳೆಯುತ್ತಿದ್ದವು. ಬಿಸಿಲಿನಲ್ಲಿ ಆ ಹೊಳಪೇ ಚೆಂದ, ಬೆರಳು ತಾಗಿದರೂ ಬಣ್ಣ ಬೇಗ ಸವೆಯುವುದಿಲ್ಲ. ಖಾಕಿಯನ್ನು ಮಾತ್ರ ನಿಜಕ್ಕಿಂತ ಸ್ವಲ್ಪ ತೆಳು ಮಾಡಿಕೋ, ಇಲ್ಲದಿದ್ದರೆ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಈಟಿಯ ತುದಿಗೆ ಕೆಂಪು-ಬಿಳಿ ಬಾವುಟ ಕಟ್ಟು. ಅದು ಇತಿಹಾಸಕ್ಕಲ್ಲ, ಯಾರು ಯಾವ ಕಡೆಯವರು ಎಂದು ದೂರದಿಂದ ಗೊತ್ತಾಗಲಿಕ್ಕೆ.

ನಾನೂ ನಿನ್ನ ಹಾಗೇ ಇದ್ದವನು. ಈ ದೇಶಕ್ಕೆ ಬಂದ ಹೊಸದರಲ್ಲಿ ರಾತ್ರಿ ಎರಡರವರೆಗೆ ಕೂತು ಬಣ್ಣ ಹಚ್ಚಿ, ಎಲ್ಲವನ್ನೂ ಗಾಜಿನ ಬೀರುವಿನಲ್ಲಿ ಜೋಡಿಸುತ್ತಿದ್ದೆ. ನಿನ್ನ ಅಕ್ಕನಿಗೆ ಆಗ ಆರು ವರ್ಷ. ಮುಟ್ಟಲು ಬಂದರೆ ಗದರುತ್ತಿದ್ದೆ. ಆಮೇಲೆ ಅವಳು ಮುಟ್ಟಲು ಬರಲೇ ಇಲ್ಲ.

ಇನ್ನೊಂದು ಪೆಟ್ಟೂ ತಿಂದಿದ್ದೇನೆ. ಒಂದು ಸಲ 40 ಪ್ಲಾಸ್ಟಿಕ್ ಸಿಪಾಯಿಗಳನ್ನು ತೊಳೆಯದೆ ಹಾಗೇ ಬಳಿದೆ. ಮೊದಲ ಆಟ ಮುಗಿಯುವಷ್ಟರಲ್ಲಿ ಬಂದೂಕುಗಳೆಲ್ಲ ಬೆತ್ತಲೆ. ಬಣ್ಣ ಹಾವಿನ ಪೊರೆಯಂತೆ ಕಳಚಿ ಬಂದಿತ್ತು. ಅಚ್ಚಿನಿಂದ ಬಿಡಿಸಲು ಹಚ್ಚುವ ಜಿಡ್ಡು ಮೈಮೇಲೆ ಉಳಿದಿರುತ್ತದೆ. ಮೆತ್ತನೆ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದೂ ಕಷ್ಟ. ಅದಕ್ಕೇ ಪಾತ್ರೆ ತೊಳೆಯುವ ಸೋಪು ನೀರಿನಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜು. ಒಣಗಿದ ಮೇಲೆ ಫೆವಿಕಾಲ್ ತರಹದ ಬಿಳಿ ಅಂಟನ್ನು ನೀರಿಗೆ ಬೆರೆಸಿ ತೆಳ್ಳಗೆ ಬಳಿ. ಬಣ್ಣ ಅದರ ಮೇಲೆ.

ಈಗ ಮೈಸೂರಿನವರ ತಲೆಯ ರುಮಾಲಿನ ವಿಷಯ. ನಿನ್ನ ಪೆಟ್ಟಿಗೆಯಲ್ಲಿ ಉಳಿದಿರುವುದು ಹೆಲ್ಮೆಟ್ ಹಾಕಿದ ಬ್ರಿಟಿಷ್ ಸವಾರರು. ಅವರನ್ನು ಮೈಸೂರಿನವರನ್ನಾಗಿ ಮಾಡುವುದು ನೀನು ಅಂದುಕೊಂಡಷ್ಟು ಕಷ್ಟವಲ್ಲ. ಹೆಲ್ಮೆಟ್ಟನ್ನು ಚೂರಿಯಿಂದ ಕೆತ್ತಿ ತಲೆ ಗುಂಡಗೆ ಮಾಡು. ಕಲಸಿದ ಮೇಲೆ ಗಟ್ಟಿಯಾಗುವ ಮಿಲ್ಲಿಪುಟ್ ಎಂಬ ಮೇಣದಂಥ ಅಂಟಿನ ಎರಡು ಕಡ್ಡಿಗಳಿಂದ ಸಮಪಾಲು ತೆಗೆದು, ಬಣ್ಣ ಒಂದಾಗುವವರೆಗೆ ಕಲಸು. ಊರಲ್ಲಾದರೆ ಎಂ-ಸೀಲ್ ಅನ್ನುತ್ತಿದ್ದೆ. ಅದನ್ನು ಶಾವಿಗೆಯಷ್ಟು ತೆಳ್ಳಗೆ ಹೊಸೆದು ತಲೆಗೆ ಸುತ್ತುತ್ತಾ ಹೋಗು. ಬೆರಳು ಒದ್ದೆ ಇರಲಿ, ಇಲ್ಲದಿದ್ದರೆ ರುಮಾಲು ಬೆರಳಿಗೇ ಅಂಟಿಕೊಂಡು ಬರುತ್ತದೆ. ಮಡಿಕೆಗಳನ್ನು ಸೂಜಿಯಿಂದ ಗೀರು. ರಾತ್ರಿಯಿಡೀ ಮುಟ್ಟಬೇಡ. ಪ್ಲಾಸ್ಟಿಕ್ ಈಟಿ ಬಾಳೆದಿಂಡಿನ ಹಾಗೆ ಬಾಗುತ್ತದೆ, ಅದನ್ನು ಕತ್ತರಿಸಿ ಹಾಕಿ ಹಿತ್ತಾಳೆ ತಂತಿ ಕೂರಿಸು. ತಂತಿಯ ತುದಿ ಮೊಂಡಾಗಿರಲಿ.

ರುಮಾಲಿನ ಆಕಾರ ಬೇಕಾದರೆ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸಿಪಾಯಿಗಳ ಪ್ರತಿಮೆಯ ಫೋಟೋ ಹುಡುಕು. ಆ ಮೂವರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ದಳಗಳವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ನುಗ್ಗಿದ್ದು ಮೈಸೂರಿನವರು, ಜೋಧಪುರದವರು. ಎದುರಿಗೆ ತುರ್ಕರ ಮೆಷಿನ್‌ಗನ್. ನಮ್ಮವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಎಷ್ಟೋ ವರ್ಷ ಅದರ ಮುಂದೆಯೇ ಬಸ್ಸಿನಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಇಳಿದು ನೋಡಲಿಲ್ಲ. ನಿನ್ನ ಹಿತ್ತಲ ಮೂಲೆಯ ಕಲ್ಲುಗುಡ್ಡೆ ಕಾರ್ಮೆಲ್ ಆಗಲು ಧಾರಾಳ ಸಾಕು.

ಆಟದ ನಿಯಮಗಳ ಪುಸ್ತಕ ದಪ್ಪ ಇದ್ದಷ್ಟೂ ಆಟ ಕಡಿಮೆ. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಈ ಆಟಕ್ಕೆಂದೇ 'ಲಿಟಲ್ ವಾರ್ಸ್' ಎಂಬ ಸಣ್ಣ ಪುಸ್ತಕ ಬರೆದರು. ಕಾಲಾಳಿಗೆ ಒಂದು ಅಡಿ, ಸವಾರನಿಗೆ ಎರಡು ಅಡಿ ನಡೆ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಒಂದಂಗುಲದ ಮರದ ತುಂಡು ಹಾರಿಸುವುದು. ಬಿದ್ದವನು ಸತ್ತ. 30 ಜನರನ್ನು ನಡೆಸಲು ಒಂದು ನಿಮಿಷ, ಯೋಚಿಸುತ್ತಾ ಕೂರುವಂತಿಲ್ಲ. ಅಲ್ಲಿಂದ ಶುರು ಮಾಡು. ಫಿರಂಗಿ ಹಾರಿಸುವಾಗ ಯಾರೂ ನೆಲಕ್ಕೆ ಮುಖ ಕೊಟ್ಟು ಮಲಗಿರಬಾರದು. ಕಣ್ಣಿನ ವಿಷಯ ಇದು.

ಸಂತೆಯಲ್ಲಿ ಕೊಂಡ ಆ ಸೀಸದ ಸಿಪಾಯಿಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿನ್ನ ಮನೆಯಲ್ಲಿ ಮೂರು ವರ್ಷದ ಮಗುವಿದೆ. ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಅವು ಎತ್ತರದಲ್ಲಿರಲಿ, ಬೀಗ ಇರಲಿ. ಓಕ್ ಮರದ ಬೀರು ಮಾತ್ರ ಬೇಡ, ಆ ಮರದ ಹುಳಿಗೆ ಸೀಸ ಬೂದಿಯಂತೆ ಪುಡಿಯಾಗುತ್ತದೆ. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಈ ಸಿಪಾಯಿಗಳನ್ನು ಎರಕ ಹೊಯ್ಯುತ್ತಿತ್ತು. ಮೂಲ ಬಣ್ಣ ಉಳಿದಿದ್ದರೆ ಕೆರೆಯಬೇಡ, ಹಾಗೇ ಬಿಡು. ತಲೆ ಮುರಿದವನ ಕುತ್ತಿಗೆಯೊಳಗೆ ಬೆಂಕಿಕಡ್ಡಿ ತುಂಡು ತೂರಿಸಿ ತಲೆ ಕೂರಿಸಬಹುದು, ಇಲ್ಲಿನ ಮಕ್ಕಳು ಹಿಂದೆ ಮಾಡುತ್ತಿದ್ದುದೇ ಅದು. ಅರ ಹಾಕಿ ಉಜ್ಜುವುದಾದರೆ ಹೊರಗೆ ಕೂತು, ಒದ್ದೆ ಮಾಡಿಕೊಂಡು ಉಜ್ಜು. ಪುಡಿ ಊದಬೇಡ. ಕೈ ತೊಳೆಯದೆ ಚಹಾ ಕಪ್ ಮುಟ್ಟಬೇಡ.

ಹುಲ್ಲನ್ನು ಹಿಂದಿನ ದಿನವೇ ಮೋಟಾಗಿ ಕತ್ತರಿಸು. ಪ್ರತಿ ಸಿಪಾಯಿಯ ಕೆಳಗೂ ಒಂದು ಕಬ್ಬಿಣದ ವಾಷರ್ ಅಂಟಿಸಿ, ತುಕ್ಕು ಹಿಡಿಯದಂತೆ ಅಡಿಗೂ ಬಣ್ಣ ಹಚ್ಚು. ಗಾಳಿಗೆ ಬೀಳುವುದಿಲ್ಲ. ಆಟ ಮುಗಿದ ಮೇಲೆ ಎಣಿಸು. ಕಡಿಮೆ ಬಂದರೆ ಹುಲ್ಲಿನ ಮೇಲೆ ಮ್ಯಾಗ್ನೆಟ್ ಆಡಿಸಿದರೆ ಕಳೆದವನು ಕಚ್ಚಿಕೊಂಡು ಬರುತ್ತಾನೆ. ಎಣಿಸದೆ ಬಿಟ್ಟು, ಮಾರನೇ ವಾರ ಒಬ್ಬ ಹವಾಲ್ದಾರನನ್ನು ಹುಲ್ಲು ಕತ್ತರಿಸುವ ಮೋವರ್ ಅಡಿಯಲ್ಲಿ ಕಂಡವನು ನಾನು.

ಬ್ಯಾಂಕ್ ಹಾಲಿಡೇ ಸೋಮವಾರ, ಎಲ್ಲರಿಗೂ ರಜೆ ಇರುವ ದಿನ, ಇಲ್ಲಿಗೆ ಬಾ. ಎಂಟು ಸವಾರರು ಆಗಿದ್ದರೂ ಸಾಕು, ಅರೆಬರೆ ಬಣ್ಣ ಇದ್ದರೂ ಪರವಾಗಿಲ್ಲ. ನಿನ್ನ ಅಕ್ಕನೂ ಬರುತ್ತಾಳಂತೆ, ತುರ್ಕರ ಕಡೆ ಆಡುವುದು ತಾನೇ ಎಂದು ಈಗಲೇ ಹೇಳಿಬಿಟ್ಟಿದ್ದಾಳೆ. ಬರುವಾಗ ಮ್ಯಾಗ್ನೆಟ್ ತಾ. ನನ್ನದನ್ನು ಅತ್ತೆ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಾಳೆ, ಕೇಳಿದರೆ ಕೊಡುತ್ತಿಲ್ಲ.

ಇಂತಿ,
ನಿನ್ನ ಮಾವ