ಪಾಪುವಿನ ಕಣ್ಣಲ್ಲಿ ಕಿಟಕಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಫೋಟೊಗಳನ್ನೆಲ್ಲ ಒಂದೊಂದಾಗಿ ನೋಡಿದೆ. "ಎಷ್ಟು ತೆಗೆದರೂ ನನ್ನ ಕಣ್ಣಿಗೆ ಕಾಣುವ ಪಾಪು ಫೋಟೊದಲ್ಲಿ ಬರೋದೇ ಇಲ್ಲ" ಅಂತ ಬರೆದಿದ್ದೀಯಲ್ಲ, ಆ ಮಾತು ಮನಸ್ಸಲ್ಲೇ ಉಳಿದುಬಿಟ್ಟಿತು. ಹೊಸ ಫೋನ್ ಕೊಳ್ಳಬೇಕಾ ಅಂತಲೂ ಕೇಳಿದ್ದೀಯ. ಬೇಡ. ಕೈಯಲ್ಲಿರುವುದೇ ಸಾಕು. ನೀನು ಬದಲಾಯಿಸಬೇಕಾದದ್ದು ಬೆಳಕನ್ನು.

ಹೆಚ್ಚಿನವು ರಾತ್ರಿ ತೆಗೆದವು, ಅಲ್ವಾ? ಎತ್ತಿಕೊಂಡಿರುವಾಗ ಮೇಲಿನ ದೀಪದ ಬೆಳಕು ನೆತ್ತಿಗೆ ಬಿದ್ದು ಕಣ್ಣಿನ ಸುತ್ತ ಕಪ್ಪಾಗಿದೆ. ಎರಡರಲ್ಲಿ ಫ್ಲ್ಯಾಶ್ ಹೊಡೆದು ಮುಖ ಸುಣ್ಣ ಬಳಿದ ಹಾಗಾಗಿದೆ. ನಿನ್ನ ಅಣ್ಣ ಹುಟ್ಟಿದಾಗ ನಾನೂ ಇದೇ ತಪ್ಪು ಮಾಡಿದ್ದೆ. ಆಗ ರೀಲ್ ಹಾಕುವ ಕ್ಯಾಮೆರಾ. ಒಂದು ರೀಲಿಗೆ 36 ಫೋಟೊ, ತೊಳೆಸಿ ತರುವವರೆಗೆ ಹೇಗೆ ಬಂದಿವೆ ಅಂತ ಗೊತ್ತೇ ಆಗುತ್ತಿರಲಿಲ್ಲ. ತಂದು ನೋಡಿದರೆ ಸಾಲಾಗಿ ಕೆಂಪು ಕಣ್ಣು, ಬಿಳಚಿದ ಮುಖ. ಒಂದೇ ಒಂದು ಚೆನ್ನಾಗಿ ಬಂದಿತ್ತು. ಫ್ಲ್ಯಾಶಿನ ಸೆಲ್ ಮುಗಿದು ಹೋಗಿದ್ದ ದಿನ, ಹಗಲು ಹೊತ್ತು, ಕಿಟಕಿ ಪಕ್ಕ ತೆಗೆದದ್ದು. ಅದರಲ್ಲಿ ಅವನ ಕಿವಿಯ ಅಂಚಿನ ನವಿರು ಕೂದಲು ಕೂಡ ಕಾಣುತ್ತದೆ. ಮಿಕ್ಕ 35ರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನೆಯಲ್ಲಿ ನೇರ ಬಿಸಿಲು ಬೀಳದ ಕಿಟಕಿ ಯಾವುದು ಅಂತ ನೋಡು. ಎಲ್ಲ ಕಡೆ ಬಿಸಿಲೇ ಇದ್ದರೆ ತೆಳುವಾದ ಬಿಳಿ ಪರದೆ ಎಳೆ. ಕೋಣೆಯ ದೀಪ ಆರಿಸು. ಬಲ್ಬಿನ ಹಳದಿಯೂ ಹಗಲಿನ ಬೆಳಕೂ ಸೇರಿದರೆ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಇನ್ನೊಂದು ಬಣ್ಣ ಆಗುತ್ತದೆ. ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ ನೆಲಕ್ಕೆ ದಪ್ಪಗೆ ಹಾಸಿ ಪಾಪುವನ್ನು ಅಂಗಾತ ಮಲಗಿಸು. ತಲೆ ಕಿಟಕಿಯ ಕಡೆಗೆ, ಸ್ವಲ್ಪ ಓರೆಯಾಗಿ. ಬೆಳಕು ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಇಳಿಯಬೇಕು. ಕಾಲಿನ ಕಡೆಯಿಂದ ಬಂದರೆ ಮೂಗಿನ ನೆರಳು ಹಣೆ ಕಡೆಗೆ ಹೋಗಿ, ಟಾರ್ಚನ್ನು ಗಲ್ಲದ ಕೆಳಗೆ ಹಿಡಿದ ಹಾಗೆ ಕಾಣುತ್ತದೆ.

ಈಗ ಕ್ಯಾಮೆರಾ ಪಕ್ಕಕ್ಕಿಟ್ಟು ಬರೀ ಕಣ್ಣು ನೋಡು. ಕರಿಗುಡ್ಡೆಯ ಮೇಲೆ ಪುಟ್ಟ ಬಿಳಿ ಚೌಕ ಹೊಳೆಯುತ್ತಿದೆಯಾ? ಅದು ನಿಮ್ಮ ಕಿಟಕಿ. ಹತ್ತಿರದಿಂದ ನೋಡಿದರೆ ಸರಳುಗಳನ್ನೂ ಎಣಿಸಬಹುದು. ಆ ಹೊಳಪಿಲ್ಲದಿದ್ದರೆ ಮುಖ ಎಷ್ಟೇ ಮುದ್ದಾಗಿದ್ದರೂ ಫೋಟೊ ಮಂಕಾಗಿ ಕಾಣುತ್ತದೆ. ಹಾಸಿದ ಬಟ್ಟೆ ಸಮೇತ ಪಾಪುವನ್ನು ನಿಧಾನಕ್ಕೆ ತಿರುಗಿಸು. ಒಂದು ಕಡೆ ಬಂದಾಗ ಫಕ್ಕನೆ ಹೊಳೆಯುತ್ತದೆ. ಅಲ್ಲೇ ನಿಲ್ಲಿಸು. ನೆರಳಿನ ಕಡೆ ತೀರಾ ಕಪ್ಪಾಗಿದ್ದರೆ ಅಲ್ಲೊಂದು ಬಿಳಿ ಬೆಡ್‌ಶೀಟ್ ಹಿಡಿಯಲು ಯಾರಿಗಾದರೂ ಹೇಳು. ಹಚ್ಚ ಹಸಿರು ಹೊದಿಕೆ ಮಾತ್ರ ಬೇಡ, ಅದರ ಬಣ್ಣ ಗಲ್ಲಕ್ಕೆ ಬಡಿಯುತ್ತದೆ.

ಇನ್ನೊಂದು ವಿಷಯ. ನೀನು ಮೊಬೈಲನ್ನು ಮುಖದ ಹತ್ತಿರಕ್ಕೆ ಒಯ್ಯುತ್ತೀಯ. ಆಗ ಕ್ಯಾಮೆರಾಗೆ ಮೂಗು ತೀರಾ ಹತ್ತಿರ, ಕಿವಿ ಅದಕ್ಕಿಂತ ದೂರ. ಅದಕ್ಕೇ ಮೂಗು ಊದಿಕೊಂಡಂತೆ ಬರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಝೂಮ್ ಇಟ್ಟು ತೆಗಿ. ನಿಂತು ಬಗ್ಗಿ ತೆಗೆಯುವ ಬದಲು ನೀನೂ ನೆಲದ ಮೇಲೆ ಮಲಗು, ಪಾಪುವಿನ ಕಣ್ಣಿನ ಮಟ್ಟಕ್ಕೆ ಬಾ. ಮೊಬೈಲಿನ ಪರದೆಯ ಮೇಲೆ ಹತ್ತಿರದ ಕಣ್ಣನ್ನು ಒಮ್ಮೆ ಮುಟ್ಟಿದರೆ ಫೋಕಸ್ ಅಲ್ಲಿಗೆ ಕೂರುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿದಾಗ ಮುಖ ಕಪ್ಪಾಗಿ ಬಂದರೆ ಮೊಬೈಲಿನಲ್ಲೇ ಬೆಳಕನ್ನು ಸ್ವಲ್ಪ ಏರಿಸು. ಮೊದಲು ಲೆನ್ಸ್ ಒರೆಸು, ಅದರ ಮೇಲೆ ಸದಾ ನಮ್ಮ ಬೆರಳಿನ ಜಿಡ್ಡು ಇರುತ್ತದೆ.

ಅಳಿಯಂದಿರ ಹಳೆ ಕ್ಯಾಮೆರಾ ಕಪಾಟಿನಲ್ಲಿದ್ದರೆ ಅದೂ ಆಗುತ್ತದೆ. 50 ಎಂಎಂ ಲೆನ್ಸ್ ಇದ್ದರಂತೂ ಒಳ್ಳೆಯದು. ಶಟರ್ ವೇಗ 1/250 ಸೆಕೆಂಡಿನ ಹತ್ತಿರ ಇರಲಿ, ಇಲ್ಲದಿದ್ದರೆ ಕೈಕಾಲು ಆಡಿಸಿದಾಗ ಮಸುಕಾಗುತ್ತದೆ. ಅದಕ್ಕಾಗಿ ಐಎಸ್ಒ, ಅಂದರೆ ಕಡಿಮೆ ಬೆಳಕಲ್ಲೂ ಫೋಟೊ ಬೆಳ್ಳಗೆ ಬರಿಸುವ ಸಂಖ್ಯೆ, ಏರಿಸಬೇಕಾಗಿ ಬಂದರೆ ಏರಿಸು. ಸ್ವಲ್ಪ ಕಾಳುಕಾಳಾಗಿ ಬಂದರೂ ಪರವಾಗಿಲ್ಲ, ಕಣ್ಣು ಸ್ಪಷ್ಟವಾಗಿರಬೇಕು. ಕ್ಯಾಮೆರಾ ಪಟ್ಟಿಯನ್ನು ಮಾತ್ರ ಕುತ್ತಿಗೆಗೆ ಹಾಕಿಕೊಂಡೇ ಪಾಪುವಿನ ಮೇಲೆ ಬಗ್ಗು.

ಹೊಟ್ಟೆ ತುಂಬಿ, ನಿದ್ದೆ ಮುಗಿಸಿ ಎದ್ದ ಹೊತ್ತು ನೋಡಿಕೋ. ಎಳೆಗೂಸಿಗೆ ಚೆನ್ನಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಅಷ್ಟೆ. ಹಾಗಾಗಿ ದೂರದಲ್ಲಿ ಗಿಲಕಿ ಆಡಿಸಿದರೆ ಏನೂ ಆಗೋದಿಲ್ಲ. ಒಬ್ಬರು ಹತ್ತಿರ ಬಗ್ಗಿ ಮಾತಾಡಿಸಲಿ, ಇನ್ನೊಬ್ಬರು ತೆಗೆಯಲಿ. ನಮ್ಮನ್ನು ನೋಡಿ ನಗುವುದು ಸಾಮಾನ್ಯವಾಗಿ ಆರೆಂಟು ವಾರ ಆದಮೇಲೆ. ಅಲ್ಲಿಯವರೆಗೆ ನಗಿಸಲು ಒದ್ದಾಡಬೇಡ. ಆಕಳಿಕೆ, ಗಂಟಿಕ್ಕಿದ ಹುಬ್ಬು, ನಿನ್ನ ಬೆರಳನ್ನು ಬಿಗಿ ಹಿಡಿದ ಮುಷ್ಟಿ, ಇವೆಲ್ಲ ಈಗ ಮಾತ್ರ ಸಿಗುವಂಥವು. ಅತ್ತರೆ ಅವತ್ತಿಗೆ ಬಿಟ್ಟುಬಿಡು.

ನೀನು ಮೆಚ್ಚಿ ಕಳಿಸಿದ ಆ ಚಿತ್ರ, ಹಸುಗೂಸು ತನ್ನ ಎರಡು ಕೈ ಮೇಲೆ ಗಲ್ಲವಿಟ್ಟು ಕಪ್ಪೆಯಂತೆ ಕೂತಿರುವುದು, ಅದನ್ನು ಖಂಡಿತ ಮಾಡಲು ಹೋಗಬೇಡ. ಆ ವಯಸ್ಸಿನ ಕೂಸಿಗೆ ಕುತ್ತಿಗೆಯೇ ನಿಲ್ಲುವುದಿಲ್ಲ. ಕಲಿತವರು ಅದನ್ನು ಎರಡು ಫೋಟೊ ಸೇರಿಸಿ ಮಾಡುತ್ತಾರೆ. ಒಂದರಲ್ಲಿ ಸಹಾಯಕರು ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು. ಆಮೇಲೆ ಆ ಕೈಗಳನ್ನು ಅಳಿಸುತ್ತಾರೆ. ಬುಟ್ಟಿ, ಕುರ್ಚಿ, ಮಂಚದ ಅಂಚು ಯಾವುದೂ ಬೇಡ ಪುಟ್ಟಿ. ಒಂದು ಫೋಟೊಗಾಗಿ ಕೂಸಿನ ಮೇಲಿಂದ ಕೈ ತೆಗೆಯಬೇಕು ಅನ್ನಿಸಿದರೆ ಆ ಫೋಟೊನೇ ಬೇಡ. ಸ್ನಾನದ ಫೋಟೊಗಳನ್ನು ಎಲ್ಲೂ ಹಾಕಬೇಡ, ಮನೆಯೊಳಗೇ ಇರಲಿ.

ಮತ್ತೆ, ನೀನು ಕಳಿಸಿದ ಅಷ್ಟು ಫೋಟೊಗಳಲ್ಲಿ ಒಂದರಲ್ಲೂ ನೀನಿಲ್ಲ. ನನ್ನ ಹತ್ತಿರವೂ ನಿನ್ನ ಅಣ್ಣನನ್ನು ಎತ್ತಿಕೊಂಡ ಒಂದು ಫೋಟೊ ಇಲ್ಲ, ಯಾವಾಗಲೂ ನಾನೇ ತೆಗೆಯುತ್ತಿದ್ದೆ. ನಾಳೆ ಬೆಳಿಗ್ಗೆ ಪಾಪುವನ್ನು ಎದೆಗೆ ಒರಗಿಸಿಕೊಂಡು ಅದೇ ಕಿಟಕಿ ಪಕ್ಕ ಕೂತುಕೋ, ಅಳಿಯಂದಿರ ಕೈಗೆ ಫೋನ್ ಕೊಡು. ಕೂದಲು ಕೆದರಿದ್ದರೆ ಕೆದರಿರಲಿ. ಆ ಫೋಟೊವನ್ನು ಮೊದಲು ನನಗೆ ಕಳಿಸು.

ನಿನ್ನ,
ದೊಡ್ಡಮ್ಮ